ಕಾಕಾನ ಕಾರು ಕುಡಿದ ನೀರು

ನಮ್ಮ ಕಾಕಾನ ಕಾರು ಪೆಟ್ರೋಲಿಗಿಂತ ನೀರನ್ನೇ ಹೆಚ್ಚು ಕುಡೀತೈತಿ ಅಂತ ಸವಣೂರಿನ ನಮ್ಮ ಓಣಿಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸಂತೆಗೆ ಹೋಗಿ ಬಂದರೆ ಒಂದು ತಂಬಿಗೆ, ಹುಬ್ಬಳ್ಳಿಗೆ ಹೋಗಿ ಬಂದರೆ ಒಂದು ಕೊಡ. ಮಾರ್ಕ್ ಟು ಅಂಬಾಸಡರ್ ಅದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ತಯಾರಾದದ್ದು. 1489 ಸಿಸಿ, ನಾಲ್ಕು ಸಿಲಿಂಡರು, ಎರಕದ ಕಬ್ಬಿಣದ ಇಂಜಿನ್ನು. ಎಲೆ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ವರ್ಷ ಕಾಕಾ ಅದನ್ನು ಯಾರೋ ಕಂತ್ರಾಟದಾರನಿಂದ ಕೊಂಡು ತಂದಿದ್ದ. ತಂದ ದಿನ ತೆಂಗಿನಕಾಯಿ ಒಡೆದದ್ದು ನೆನಪಿದೆ. ಬಾನೆಟ್ಟಿನ ಮೇಲೆ ಕುಂಕುಮದ ಕಲೆ ಕೊನೆಯವರೆಗೂ ಹೋಗಲಿಲ್ಲ.

ಹಾವೇರಿ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ, ಅದು ಆದದ್ದು 1997ರಲ್ಲಿ. ಸವಣೂರು, ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು ನಾಲ್ಕೂ ಧಾರವಾಡ ಜಿಲ್ಲೆಯ ತಾಲೂಕುಗಳೇ. ಈ ನಾಲ್ಕನ್ನೂ ಒಂದೇ ದಿನ ಆ ಕಾರಿನಲ್ಲಿ ದಾಟಿದ ಕಥೆಯನ್ನು ನಮ್ಮ ಮನೆಯಲ್ಲಿ ಚಳಿಗಾಲದ ರಾತ್ರಿ ಎಲ್ಲರೂ ಸೇರಿದಾಗ ಯಾರಾದರೂ ಒಬ್ಬರು ಎತ್ತುತ್ತಾರೆ. ಪ್ರತಿಯೊಬ್ಬರ ಬಾಯಲ್ಲೂ ಅದು ಬೇರೆ ಬೇರೆ. ಕಾಕಾ ಹೇಳಿದರೆ ಮೇಸ್ತ್ರಿಯ ಕಥೆ, ಚಿಗವ್ವ ಹೇಳಿದರೆ ಅರಿಷಿಣದ ಕಥೆ. ನಾನು ನೀರಿನ ಡಬ್ಬಿ ಹೊತ್ತವನು, ಹಾಗಾಗಿ ನನ್ನದು ನೀರಿನ ಕಥೆ.

ಸೋರುವುದು ದೊಡ್ಡ ಮಾತಲ್ಲ. ಆ ಕಾಲದ ಗಾಡಿಗಳು ಎಲ್ಲಾದರೂ ಒಂದು ಕಡೆ ಸೋರುತ್ತಲೇ ಇದ್ದವು. ಆದರೆ ಇದು ಎಲ್ಲಿ ಸೋರುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಕಾರು ತೆಗೆದರೆ ಕೆಳಗಿನ ನೆಲ ಒಣ. ಇಂಜಿನ್ ಚಾಲೂ ಮಾಡಿ ನಿಲ್ಲಿಸಿದರೆ ಹೋಸ್ ಪೈಪು ಒಣ, ರೇಡಿಯೇಟರಿನ ಕೆಳಗೂ ಒಣ. ರಸ್ತೆಗೆ ಬಿದ್ದು ಒಂದಿಷ್ಟು ದೂರ ಹೋದ ಮೇಲೆ ಮುಚ್ಚಳ ತೆಗೆದರೆ ನೀರು ಕೆಳಗೆ ಇಳಿದಿರುತ್ತಿತ್ತು. ಹೆದ್ದಾರಿಯ ಪಕ್ಕದ ಒಂದು ಗ್ಯಾರೇಜಿನವರು ರೇಡಿಯೇಟರ್ ಬಿಚ್ಚಿ, ಕಾಯಿಸಿ, ಬೆಸುಗೆ ಹಾಕಿ ಕೊಟ್ಟರು. ಆಮೇಲೆ ಇನ್ನೊಮ್ಮೆ ಬೆಸುಗೆ ಹಾಕಿದರು. ಮೇಲಿನ ಹೋಸ್ ಬದಲಿಸಿದರು, ಕ್ಲಿಪ್ಪು ಬದಲಿಸಿದರು. ನೀರು ಮಾತ್ರ ಹೋಗುತ್ತಲೇ ಇತ್ತು. “ಹೆಡ್ಡಿನ ಗ್ಯಾಸ್ಕೆಟ್ ಹೋಗೇತ್ರಿ, ಇಂಜಿನ್ ಇಳಿಸಬೇಕು” ಅಂತ ಅವರು ಕೊನೆಗೆ ಅಂದಾಗ ಕಾಕಾ ಕಾರನ್ನು ಮನೆಗೆ ತಂದು ನಿಲ್ಲಿಸಿದ. ಇಂಜಿನ್ ಇಳಿಸುವುದೆಂದರೆ ಆ ವರ್ಷದ ಎಲೆಯ ದುಡ್ಡಿನಲ್ಲಿ ಅರ್ಧ.

“ಗ್ಯಾಸ್ಕೆಟ್ ಹೋಗಿದ್ರ ಹಿಂದ ಬೆಳ್ಳಗ ಹೊಗಿ ಬರಬೇಕು. ನೆಲಕ್ಕ ಬಿದ್ರ ಹಸಿ ಕಾಣಬೇಕು. ಎರಡೂ ಇಲ್ಲ. ಹಂಗಾರ ಈ ನೀರ ಮಾಯಾ ಆಗಾಕ ಇದೇನ ಗಾರುಡಿಗಾರನ ಡಬ್ಬಿ ಏನು?” ಅಂತ ಕಾಕಾ ಕಟ್ಟೆಯ ಮೇಲೆ ಕೂತು ಬಂದವರನ್ನೆಲ್ಲ ಕೇಳುತ್ತಿದ್ದ.

ಮೇ ತಿಂಗಳು. ಚಿಗವ್ವನ ತಮ್ಮನ ಮಗಳ ಮದುವೆ ಹಿರೇಕೆರೂರಿನಲ್ಲಿ. ಮದುವೆಗೆ ಬೇಕಾದ ವೀಳ್ಯದೆಲೆ ಪೂರ್ತಿ ತಾನೇ ತರುತ್ತೇನೆ ಅಂತ ಕಾಕಾ ಮಾತು ಕೊಟ್ಟಿದ್ದ. ಸವಣೂರಿನ ಎಲೆ ಎಂದರೆ ಕೇಳಬೇಕೆ? ತೆಳುವು, ಬಾಯಿಗೆ ಹಾಕಿದರೆ ನಾರಿಲ್ಲದೆ ಕರಗುವಂಥದ್ದು, ದೂರದ ಪಟ್ಟಣಗಳಿಗೆಲ್ಲ ಹೋಗುತ್ತಿದ್ದ ಮಾಲು. ಆದರೆ ಎಲೆಗೆ ಬಿಸಿಲು ತಾಗಬಾರದು, ತೇವ ಆರಬಾರದು. ಕಟ್ಟು ಕಟ್ಟಿ, ಬಾಳೆಯೆಲೆಯಲ್ಲಿ ಸುತ್ತಿ, ಹಸಿ ಗೋಣಿತಟ್ಟು ಹೊದಿಸಿ ಡಿಕ್ಕಿಯಲ್ಲಿ ಇಟ್ಟೆವು. ಅಂದರೆ ಆ ದಿನ ಕಾರಿನ ಮುಂದೆ ನೀರು ಬೇಡುವ ಇಂಜಿನ್ನು, ಹಿಂದೆ ನೀರು ಬೇಡುವ ಎಲೆ, ನಡುವೆ ನಾವು. ಕಾಲ ಹತ್ತಿರ ನೀರಿನ ಎರಡು ಡಬ್ಬಿ, ತೊಡೆಯ ಮೇಲೆ ಸವಣೂರು ಖಾರದ ಪೊಟ್ಟಣ.

ನೇರ ಹಾವೇರಿ ಮೇಲೆ ಹೋಗಿದ್ದರೆ ಹಾದಿ ಸುಲಭವಿತ್ತು. ಆದರೆ ಶಿಗ್ಗಾವಿಯಲ್ಲಿ ಅಜ್ಜನನ್ನು ಹತ್ತಿಸಿಕೊಳ್ಳಬೇಕು, ಹಾನಗಲ್ಲಿನಲ್ಲಿ ಅತ್ತೆಯನ್ನು. ನಮ್ಮ ಕಡೆ ಒಂದು ಮದುವೆಗೆ ಕಾರು ಹೊರಟಿತೆಂದರೆ ಅದು ದಾರಿ ನೋಡಿ ಹೋಗುವುದಿಲ್ಲ, ಬೀಗರ ಮನೆ ನೋಡಿ ಹೋಗುತ್ತದೆ.

ಶಿಗ್ಗಾವಿಯ ಹತ್ತಿರ ಬರುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು. ಇಂಜಿನ್ ಆರಿಸಿ ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ನಾನು ಡಬ್ಬಿ ಹಿಡಿದು ಮುಂದೆ ಹೋದೆ. ಕಾಕಾ ಹಿಂದಿನಿಂದ ಕೂಗಿದ: “ಏ ತಮ್ಮಾ, ಈಗ ಹಾಕಬ್ಯಾಡ! ಬ್ಲಾಕ್ ಸೀಳತೈತಿ!” ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ಒಮ್ಮೆಲೇ ಕುಗ್ಗಿ ಸೀಳು ಬಿಡುತ್ತದೆ. ಮುಚ್ಚಳವನ್ನೂ ಆಗ ತೆಗೆಯುವ ಹಾಗಿಲ್ಲ. ರೇಡಿಯೇಟರಿನ ಮುಚ್ಚಳದಲ್ಲಿ ಒಂದು ಸ್ಪ್ರಿಂಗ್ ಇರುತ್ತದೆ, ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಚದರ ಇಂಚಿಗೆ ಒಂದು ಪೌಂಡು ಒತ್ತಡ ಏರಿದರೆ ನೀರು ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಮೇಲೆ ಹೋಗುತ್ತದೆ. ಹಾಗಾಗಿ ನೂರು ಡಿಗ್ರಿ ದಾಟಿದರೂ ಒಳಗಿನ ನೀರು ಸುಮ್ಮನಿರುತ್ತದೆ. ಮುಚ್ಚಳ ತಿರುವಿದ ಕ್ಷಣ ಒತ್ತಡ ಇಳಿದು ಎಲ್ಲವೂ ಒಟ್ಟಿಗೆ ಕುದ್ದು ಮುಖಕ್ಕೆ ಸಿಡಿಯುತ್ತದೆ. ಹೀಗೆ ಮುಖ ಸುಟ್ಟುಕೊಂಡ ಲಾರಿ ಕ್ಲೀನರುಗಳನ್ನು ಆ ಹೆದ್ದಾರಿಯಲ್ಲಿ ಯಾರು ಬೇಕಾದರೂ ನೋಡಿರಬಹುದು.

ಅಲ್ಲೇ ಚಹಾದ ಅಂಗಡಿಯಲ್ಲಿ ಕೂತಿದ್ದ ಮುದಿ ಲಾರಿ ಡ್ರೈವರನೊಬ್ಬ ಎದ್ದು ಬಂದು ನೋಡಿದ. “ಅರಿಷಿಣ ಐತೇನ್ರೀ?” ಅಂದ. ಮದುವೆಗೆ ಹೊರಟ ಗಾಡಿಯಲ್ಲಿ ಅರಿಷಿಣಕ್ಕೆ ಬರವೆ? ಚಿಗವ್ವ ಸುರಗಿ ಶಾಸ್ತ್ರಕ್ಕೆಂದು ಕಟ್ಟಿಕೊಂಡಿದ್ದ ಗಂಟನ್ನು ಬಿಚ್ಚಲು ಮೊದಲು ಒಪ್ಪಲಿಲ್ಲ. “ಶುಭಕಾರ್ಯದ ಅರಿಷಿಣ ತಗದು ಇಂಜಿನ್ಯಾಗ ಹಾಕತಾರೇನ್ರೀ?” ಅಂತ ಕಾಕಾನ ಮೇಲೆ ಹರಿಹಾಯ್ದಳು. ಕೊನೆಗೆ ಮೂರು ಹಿಡಿ ಕೊಟ್ಟಳು. ಇಂಜಿನ್ ಆರಿದ ಮೇಲೆ ನೀರಿನಲ್ಲಿ ಕದಡಿ ರೇಡಿಯೇಟರಿಗೆ ಹೊಯ್ದೆವು. ಇದು ಆ ಡ್ರೈವರನೊಬ್ಬನ ಉಪಾಯವಲ್ಲ, ದೇಶದ ಉದ್ದಗಲಕ್ಕೂ ಚಾಲಕರು ಮಾಡಿಕೊಂಡು ಬಂದದ್ದು. ಸಣ್ಣ ತೂತಿದ್ದರೆ ನೆನೆದು ಉಬ್ಬಿದ ಪುಡಿ ನೀರಿನ ಜೊತೆ ಅಲ್ಲಿಗೇ ಹೋಗಿ ಗಂಟಿಕ್ಕಿಕೊಳ್ಳುತ್ತದೆ.

ನಮ್ಮದು ಸಣ್ಣ ತೂತಾಗಿರಲಿಲ್ಲ. ಅಜ್ಜನನ್ನು ಹತ್ತಿಸಿಕೊಂಡು ಬಂಕಾಪುರ ದಾಟಿ ಹಾನಗಲ್ಲಿನ ಹಾದಿ ಹಿಡಿದ ಮೇಲೆ ಮತ್ತೆ ಉಗಿ. ಈ ಸಲ ಅರಿಷಿಣದ ವಾಸನೆಯ ಉಗಿ. “ಅಡಗಿ ಮನಿ ಹೊತ್ತಗೊಂಡ ಹೊಂಟಂಗ ಆಗೇತಿ” ಅಂತ ಅಜ್ಜ ಬಾಯಿ ತುಂಬ ಎಲೆ ಇಟ್ಟುಕೊಂಡೇ ನಕ್ಕ. ಕಾಕಾ ನಗಲಿಲ್ಲ. ಡಬ್ಬಿಯಲ್ಲಿ ಉಳಿದ ನೀರನ್ನು ಇಂಜಿನ್ನಿಗೆ ಹಾಕಬೇಕೋ ಗೋಣಿತಟ್ಟಿಗೆ ಚಿಮುಕಿಸಬೇಕೋ ಎಂಬ ಪಂಚಾಯತಿ ಅಲ್ಲಿ ನಡೆಯಿತು. ಎಲೆಯ ಕಡೆ ಕಾಕಾ, ಇಂಜಿನ್ನಿನ ಕಡೆ ಉಳಿದವರೆಲ್ಲ. ಎಲೆಯೇ ಗೆದ್ದಿತು, ಯಾಕೆಂದರೆ ಚಾವಿ ಕಾಕಾನ ಕೈಯಲ್ಲಿತ್ತು. ಇಂಜಿನ್ನಿಗೆ ಯಾರದೋ ಹೊಲದ ಬೋರಿನಿಂದ ನಾನು ತಂದು ಹಾಕಿದೆ. ಹೀಗೆ ನಿಲ್ಲುತ್ತ, ಆರಿಸುತ್ತ, ತುಂಬುತ್ತ ಮಧ್ಯಾಹ್ನಕ್ಕೆ ಹಾನಗಲ್ಲು ಸೇರಿದೆವು.

ಅತ್ತೆಯ ಮನೆಯವರು ಒಬ್ಬ ಮೇಸ್ತ್ರಿಯ ಹತ್ತಿರ ಕಳಿಸಿದರು. ತಗಡಿನ ಶೆಡ್ಡು, ಮುಂದೊಂದು ಹುಣಸೆ ಮರ, ಮರದ ಬುಡದಲ್ಲಿ ಹಳೆಯ ಜೀಪಿನ ಅಸ್ಥಿಪಂಜರ. ಬಿಳಿ ಗಡ್ಡದ ಹಿರಿಯರು, ಊರವರ ಬಾಯಲ್ಲಿ ಚಾಚಾ. ಬಾನೆಟ್ ಎತ್ತಿದರು, ಪಾನಾ ಮುಟ್ಟಲಿಲ್ಲ. ಕಾಕಾ ಬೆಸುಗೆಯಿಂದ ಹಿಡಿದು ಗ್ಯಾಸ್ಕೆಟ್ಟಿನವರೆಗಿನ ಪುರಾಣ ಒಪ್ಪಿಸುವಾಗ ಸುಮ್ಮನೆ ಕೇಳಿದರು. ಆಮೇಲೆ ಅವರು ಕೇಳಿದ ಮೊದಲ ಮಾತು: “ಯಾವ ನೀರ ಹಾಕತೀರಿ ಸಾಹುಕಾರ್ರ?”

“ಮನಿ ಬೋರಿನ ನೀರ್ರೀ.”

“ಕುಡೀತೀರೇನ ಅದನ್ನ?”

“ಇಲ್ರೀ, ಸವಳ ಐತಿ. ಬಳಸಾಕ ಅಷ್ಟ.”

ಚಾಚಾ ರೇಡಿಯೇಟರಿನ ಬಾಯಿಯ ಒಳಗೆ ಬೆರಳು ಆಡಿಸಿ ತೆಗೆದು ತೋರಿಸಿದರು. ಉಗುರಿನ ಸಂದಿಯಲ್ಲಿ ಅರಿಷಿಣ, ಅದರ ಕೆಳಗೆ ಬಿಳಿ ಹಿಟ್ಟು. “ನಾವು ಕುಡಿಯೂದಿಲ್ಲ, ಪಾಪ ಇದಕ್ಕ ಕುಡಸ್ತೀವಿ” ಅಂದರು.

ನನಗೆ ಆ ಕ್ಷಣಕ್ಕೆ ಹೊಳೆದದ್ದು ನಮ್ಮ ಬಚ್ಚಲ ಮನೆಯ ಹಂಡೆ. ಸವಳು ನೀರು ಕಾಯಿಸಿ ಕಾಯಿಸಿ ಅದರ ತಳಕ್ಕೆ ಸುಣ್ಣದಂಥ ಬಿಳಿ ಪದರ ಕಟ್ಟಿ, ಅವ್ವ ವರ್ಷಕ್ಕೊಮ್ಮೆ ಹುಣಸೆಹಣ್ಣು ಹಾಕಿ ನೆನೆಸಿ ಕೆರೆಯುತ್ತಿದ್ದಳು. ಇಂಜಿನ್ನಿನ ಒಳಗೂ ಅದೇ. ನೆಲದ ಆಳದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಕರಗಿರುತ್ತದೆ. ಕಾಯಿಸಿದಾಗ ಅದು ಕರಗಿ ಉಳಿಯಲಾರದೆ ಪದರವಾಗಿ ಕೂರುತ್ತದೆ. ಸಿಲಿಂಡರಿನ ಸುತ್ತಲಿನ ನೀರಿನ ಹಾದಿ ಕಿರಿದಾಗುತ್ತದೆ, ಕಾವು ನೀರಿಗೆ ದಾಟುವುದಿಲ್ಲ, ಉಪ್ಪು ತಾಗಿದ ಕಬ್ಬಿಣ ತುಕ್ಕು ಹಿಡಿಯುತ್ತದೆ. ನೀರು ಸೋರುವುದಕ್ಕೆ ಮೊದಲು ಎಷ್ಟೋ ವರ್ಷ ನೀರೇ ಒಳಗಿನಿಂದ ತಿನ್ನುತ್ತ ಬಂದಿರುತ್ತದೆ.

ಚಾಚಾ ಎಣ್ಣೆಯ ಕಡ್ಡಿ ಎಳೆದು ನೋಡಿದರು. ಎಣ್ಣೆಯಲ್ಲಿ ನೀರು ಸೇರಿದ್ದರೆ ಅದು ಮಜ್ಜಿಗೆಯ ಬಣ್ಣಕ್ಕೆ ತಿರುಗಬೇಕು. ಇರಲಿಲ್ಲ, ಕಪ್ಪಗೇ ಇತ್ತು. “ಹೆಡ್ ಗಟ್ಟಿ ಐತಿ. ಗ್ಯಾಸ್ಕೆಟ್ ಮಾತು ಬಿಡ್ರಿ.” ಕಾಕಾನ ಮುಖಕ್ಕೆ ಆಗ ಜೀವ ಬಂತು. ನೀರು ತುಂಬಿಸಿ, ಇಂಜಿನ್ ಚಾಲೂ ಮಾಡಿಸಿ, ಆಕ್ಸಿಲರೇಟರ್ ಒತ್ತಿ ಹಿಡಿಯಲು ನನ್ನನ್ನು ಕೂರಿಸಿದರು. ಕ್ಷೌರದ ಸಣ್ಣ ಕನ್ನಡಿಯೊಂದನ್ನು ಕಡ್ಡಿಗೆ ಕಟ್ಟಿ ಡೈನಮೋದ ಹಿಂದಿನ ಕತ್ತಲೆಗೆ ಇಳಿಬಿಟ್ಟು, ಇನ್ನೊಂದು ಕೈಯಲ್ಲಿ ಬ್ಯಾಟರಿ ಹಿಡಿದು ಬಹಳ ಹೊತ್ತು ಬಗ್ಗಿಯೇ ಇದ್ದರು. ಕಡೆಗೆ “ಬಾಯಿ, ಇಲ್ಲಿ ಬರ್ರಿ” ಅಂತ ಚಿಗವ್ವನನ್ನು ಕರೆದರು. “ನಿಮ್ಮ ಅರಿಷಿಣ ಎಲ್ಲಿ ಹೋಗೇತಿ ನೋಡ್ರಿ.”

ಬ್ಲಾಕಿನ ಕರಿ ಮೈಮೇಲೆ, ಒಂದು ದುಂಡು ಬಿಲ್ಲೆಯ ಅಂಚಿನಿಂದ ಕೆಳಗೆ, ಬೆರಳಗಲದ ಹಳದಿ ಗೆರೆ ಇಳಿದಿತ್ತು. ಅದರ ನೆತ್ತಿಯಲ್ಲಿ ಒಂದು ಹನಿ ಹುಟ್ಟುತ್ತಿತ್ತು, ಕಾದ ಕಬ್ಬಿಣದ ಮೇಲೆ ಜಾರುವ ಮೊದಲೇ ಚುರ್ ಎಂದು ಆರಿಹೋಗುತ್ತಿತ್ತು. ನೆಲಕ್ಕೆ ಬೀಳುವುದಕ್ಕೆ ಉಳಿದರೆ ತಾನೆ ಬೀಳುವುದು? ಅಷ್ಟಿಷ್ಟು ಉಳಿದದ್ದನ್ನು ರಸ್ತೆಯಲ್ಲಿ ಫ್ಯಾನಿನ ಗಾಳಿ ಹೊತ್ತೊಯ್ಯುತ್ತಿತ್ತು. ಇಂಜಿನ್ ತಣ್ಣಗಿದ್ದಾಗ ಒತ್ತಡವಿಲ್ಲ, ಸಂದಿ ಮುಚ್ಚಿಕೊಂಡು ಕೂರುತ್ತಿತ್ತು. ತೂತು ಮುಚ್ಚಲೆಂದು ಹಾಕಿದ ಅರಿಷಿಣ ಅದನ್ನು ಮುಚ್ಚಲಿಲ್ಲ, ಆದರೆ ಜಾಗ ತೋರಿಸಿ ಕೊಟ್ಟಿತು. ಚಿಗವ್ವ ಇದನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ.

ಆ ಬಿಲ್ಲೆಗೆ ವೆಲ್ಶ್ ಪ್ಲಗ್ ಅನ್ನುತ್ತಾರೆ. ಶೀತದೇಶಗಳಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಬ್ಲಾಕ್ ಸೀಳದಿರಲೆಂದು ಇದನ್ನು ಇಟ್ಟಿರುತ್ತಾರೆ ಎಂಬ ನಂಬಿಕೆ ಬಹಳ ಜನಕ್ಕಿದೆ. ಅಸಲಿಗೆ ಅದು ಎರಕದ ಕೆಲಸದ ಗುರುತು. ಬ್ಲಾಕ್ ಎರೆಯುವಾಗ ನೀರಿನ ಹಾದಿ ಪೊಳ್ಳಾಗಿ ಉಳಿಯಲು ಒಳಗೆ ಮರಳಿನ ಅಚ್ಚು ಇಡುತ್ತಾರೆ. ಕಬ್ಬಿಣ ಆರಿದ ಮೇಲೆ ಆ ಮರಳನ್ನು ಹೊರಗೆ ತೆಗೆಯಲು ಬದಿಯಲ್ಲಿ ತೂತು ಬೇಕು, ಆಮೇಲೆ ಆ ತೂತಿಗೆ ಉಕ್ಕಿನ ಬಿಲ್ಲೆ ಹೊಡೆದು ಮುಚ್ಚುತ್ತಾರೆ. ಬ್ಲಾಕಿನ ಕಬ್ಬಿಣ ದಪ್ಪ, ಬಿಲ್ಲೆಯ ತಗಡು ತೆಳುವು. ಹಾಗಾಗಿ ಸವಳು ಮೊದಲು ತಿನ್ನುವುದು ಬಿಲ್ಲೆಯನ್ನೇ.

ಹೊಸ ಬಿಲ್ಲೆ ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಫೋನು ಮಾಡಿದರೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಾರೆ, ಆದರೆ ನಾಳೆ ಬೆಳಿಗ್ಗೆ. ನಾಳೆ ಬೆಳಿಗ್ಗೆ ಅಕ್ಕಿಕಾಳು. ಕಾಕಾ ತಲೆಯ ಮೇಲೆ ಕೈ ಹೊತ್ತು ಹುಣಸೆ ಮರದ ಕೆಳಗೆ ಕೂತ. ಅಜ್ಜ ಮಾತ್ರ ಆರಾಮ. “ಗುಡಿ ನೋಡಿಕೊಂಡ ಬರ್ತೀವಿ” ಅಂತ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತಾರಕೇಶ್ವರನ ಗುಡಿಗೆ ಹೊರಟುಬಿಟ್ಟ. ಕಲ್ಲಿನಲ್ಲಿ ಕಡೆದು ತಲೆಯ ಮೇಲೆ ನಿಲ್ಲಿಸಿದ ಆ ದೊಡ್ಡ ಕಮಲದ ಛಾವಣಿ ಬಿಟ್ಟು ಆ ಬಿಸಿಲಿಗೆ ಹಾನಗಲ್ಲಿನಲ್ಲಿ ಅಷ್ಟು ತಂಪಾದ ಜಾಗ ಇನ್ನೊಂದಿರಲಿಲ್ಲ. ನನಗೆ ಗುಡಿ ಬೇಡವಾಗಿತ್ತು, ಮೇಸ್ತ್ರಿಯ ಕೈ ನೋಡಬೇಕಿತ್ತು.

ಚಾಚಾ ಹುಡುಗನನ್ನು ಕಲಾಯಿಯವನ ಮನೆಗೆ ಅಟ್ಟಿದರು. ಅವನು ಒಡೆದ ತಾಮ್ರದ ಹಂಡೆಯೊಂದರ ತಳದ ತುಂಡು ಹಿಡಿದು ಬಂದ. ಹಂಡೆಯ ತಳವೆಂದರೆ ದಪ್ಪ ತಗಡು. ಅದನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ಉಕ್ಕನ್ನು ಹಾಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಕೈವಾರದಲ್ಲಿ ವೃತ್ತ ಗೀಚಿ, ತಗಡಿನ ಕತ್ತರಿಯಲ್ಲಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜುತ್ತ ಉಜ್ಜುತ್ತ ಮತ್ತೆ ಮತ್ತೆ ಅಳೆದರು. ಹುಣಸೆ ಕೊರಡಿನಲ್ಲಿ ಒಂದು ತಗ್ಗಿತ್ತು. ಬಿಲ್ಲೆಯನ್ನು ಅದರಲ್ಲಿಟ್ಟು ದುಂಡು ತಲೆಯ ಸುತ್ತಿಗೆಯಿಂದ ನಡುವಿನಿಂದ ಹೊರಗೆ ಸುತ್ತು ಬರುತ್ತ ಬಡಿದರು. ಸ್ವಲ್ಪ ಹೊತ್ತಿಗೆ ಅದು ಸಣ್ಣ ಬಟ್ಟಲಿನ ಹಾಗೆ ಬಾಗಿ ನಿಂತಿತು.

ಅಷ್ಟರಲ್ಲಿ ಹುಡುಗ ನೀರು ಬಸಿದು, ಬೆಲ್ಟು ಸಡಿಲಿಸಿ, ಡೈನಮೋ ಸರಿಸಿದ್ದ. ಹಳೆಯ ಬಿಲ್ಲೆಯ ನಡುವೆ ಉಳಿ ಇಟ್ಟು ಚಾಚಾ ಒಂದೇ ಪೆಟ್ಟು ಕೊಟ್ಟರು. ಉಳಿ ಕಾಗದದೊಳಗೆ ಹೋದಂತೆ ಒಳಕ್ಕೆ ಹೋಯಿತು. ಮೀಟಿ ತೆಗೆದ ಬಿಲ್ಲೆಯ ಹೊರಮೈ ಬಣ್ಣ ಬಳಿದು ನೆಟ್ಟಗಿತ್ತು, ಒಳಮೈ ಪೂರಾ ಚಕ್ಕೆ ಎದ್ದ ತುಕ್ಕು, ಅಂಚಿನ ಒಂದು ಕಡೆ ತಗಡೇ ಇರಲಿಲ್ಲ. ತೂತಿನೊಳಗಿಂದ ಬೆಲ್ಲದ ಪಾಕದ ಬಣ್ಣದ ಕೆಸರು ಇಳಿಯಿತು, ಅದರ ಹಿಂದೆಯೇ ಬಿಳಿ ಚಕ್ಕೆಗಳು. ಬಗ್ಗಿಸಿದ ತಂತಿಯಿಂದ ಚಾಚಾ ಕೆರೆದು ಕೆರೆದು ಹೊರಗೆ ಹಾಕಿದರು. ಸವಣೂರಿನ ಬೋರೇ ಅಲ್ಲಿ ಕಲ್ಲಾಗಿ ಕೂತಿತ್ತು.

“ಈಗ ಹೋಗಿ ಆನೆಕೆರಿ ನೀರ ತಾ” ಅಂದರು ನನಗೆ. ಎದುರಿಗೇ ನಲ್ಲಿ ಇತ್ತು, ಹತ್ತಿರದಲ್ಲೇ ಬೋರೂ ಇತ್ತು. ಅವರಿಗೆ ಕೆರೆಯ ನೀರೇ ಬೇಕು, ಮಳೆಯಿಂದ ತುಂಬಿದ್ದು, ಸವಳಿಲ್ಲದ್ದು. ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಓಡಾಡಿದೆ. ತಳ ಕಂಡ ಬೇಸಿಗೆಯ ಕೆರೆ, ಬಟ್ಟೆಯಲ್ಲಿ ಸೋಸಿಕೊಂಡು ತರಬೇಕಿತ್ತು. ಒಳಗೆ ಹೊಯ್ದ ನೀರು ತಿಳಿಯಾಗಿ ಹೊರಬರುವವರೆಗೆ ಬಿಡಲಿಲ್ಲ.

ಕೊನೆಗೆ ತೂತಿನ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಹೊಳಪು ತಂದು, ಸುತ್ತ ಶೆಲಾಕ್ ಬಳಿದು, ತಾಮ್ರದ ಬಟ್ಟಲನ್ನು ಉಬ್ಬು ಹೊರಗೆ ಬರುವಂತೆ ಕೂರಿಸಿದರು. ಉಬ್ಬಿನ ನಡುವೆ ಕಬ್ಬಿಣದ ಗೂಟ ಇಟ್ಟು ತೂಕದ ಸುತ್ತಿಗೆಯಿಂದ ಎರಡು ಪೆಟ್ಟು. ಉಬ್ಬು ಕುಗ್ಗಿತು, ಕುಗ್ಗಿದಷ್ಟೂ ಅಂಚು ಹೊರಕ್ಕೆ ಸರಿದು ಕಬ್ಬಿಣವನ್ನು ಕಚ್ಚಿತು. ಕೆಲಸವೆಂದರೆ ಅಷ್ಟೇ. ಮೂರನೇ ಪೆಟ್ಟು ಬಿದ್ದರೆ ಕೆಡುತ್ತದಂತೆ, ನಡು ಒಳಕ್ಕೆ ಜಗ್ಗಿ ಅಂಚು ಮತ್ತೆ ಸಡಿಲವಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಅವರ ಕಿವಿಗೆ ಗೊತ್ತಿತ್ತು, ಪೆಟ್ಟಿನ ಸದ್ದು ಬದಲಾದದ್ದು ನನಗೂ ಕೇಳಿಸಿತು.

ಕೂಲಿ ಕೊಡುವಾಗ ಸಣ್ಣ ಜಗಳವೇ ಆಯಿತು. ಕಾಕಾ ಖುಷಿಗೆ ಹೆಚ್ಚು ಕೊಡುತ್ತಾನೆ, ಚಾಚಾ ಮರಳಿಸುತ್ತಾರೆ. ಡಿಕ್ಕಿಯ ಎಲೆ ನೋಡಿದ ಮೇಲೆ ಒಪ್ಪಂದವಾಯಿತು. ಒಂದು ಕಟ್ಟು ಅವರಿಗೆ, ಅರ್ಧ ಕಟ್ಟು ಕಲಾಯಿಯವನಿಗೆ.

ಸಂಜೆ ಹೊರಟು ಅಕ್ಕಿಆಲೂರು, ತಿಳವಳ್ಳಿ, ಚಿಕ್ಕೇರೂರು. ಪ್ರತಿ ಊರಿನಲ್ಲೂ ಕಾಕಾ ಕಾರು ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ, ಬ್ಯಾಟರಿ ಬಿಟ್ಟು ನೋಡಿದ. ಉಳಿದವರಿಗೆಲ್ಲ ಸಾಕಾಗಿಹೋಯಿತು. “ಇನ್ನೊಮ್ಮಿ ಇಳದ್ರ ನಾ ನಡಕೋತ ಹೋಗತೀನಿ” ಅಂದ ಅಜ್ಜ. ಹಿರೇಕೆರೂರಿನ ದುರ್ಗಾದೇವಿ ಕೆರೆಯ ಏರಿ ಕಂಡಾಗ ರಾತ್ರಿ ಊಟದ ಹೊತ್ತು ಮೀರಿತ್ತು. ಮದುವೆ ಮನೆಯವರು ಮೊದಲು ಕೇಳಿದ್ದು ನಮ್ಮನ್ನಲ್ಲ, ಎಲೆಯನ್ನು. ಎಲೆ ಒಂದೂ ಬಾಡಿರಲಿಲ್ಲ. ಅರಿಷಿಣ ಕಡಿಮೆ ಬಿತ್ತು, ಓಣಿಯಲ್ಲಿ ಸಾಲ ತಂದರು.

ಆ ಮಳೆಗಾಲದಿಂದ ಕಾಕಾ ಮಾಳಿಗೆಯ ದೋಣಿಯ ಕೆಳಗೆ ಒಂದು ಡ್ರಮ್ಮು ಇಟ್ಟ. ಅದರ ನೀರು ಕಾರಿಗೆ ಮಾತ್ರ. ಚಿಗವ್ವ ಒಮ್ಮೆ ಅದರಲ್ಲಿ ಬೇಳೆ ಬೇಯಿಸಿದಾಗ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಮುಂದೆ ಅಂಗಡಿಗಳಲ್ಲಿ ಹಸಿರು ಬಣ್ಣದ ಕೂಲಂಟ್ ಬಾಟಲಿ ಬಂದವು. ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಸಾಯನ ಬೆರೆಸಿದ್ದು, ನೀರಿಗಿಂತ ತಡವಾಗಿ ಕುದಿಯುವಂಥದ್ದು. ಅದನ್ನೂ ಬೋರಿನ ನೀರಿನಲ್ಲೇ ಬೆರೆಸಿ ಹಾಕುವವರನ್ನು ನಮ್ಮೂರಿನಲ್ಲಿ ಈಗಲೂ ನೋಡುತ್ತೇನೆ. ಅವರಿಗೆ ಏನು ಹೇಳಿದರೂ ಅಷ್ಟೆ.

ವರ್ಷಗಳ ನಂತರ ಇಂಜಿನ್ ಬಿಚ್ಚಿದಾಗ ಡಿಪ್ಲೊಮಾ ಓದಿ ಬಂದಿದ್ದ ನಮ್ಮ ತಮ್ಮ ತಾಮ್ರದ ಬಿಲ್ಲೆ ನೋಡಿ ಗಾಬರಿಯಾದ. ತಾಮ್ರ, ಕಬ್ಬಿಣ ಎರಡೂ ಒಂದೇ ನೀರಿನಲ್ಲಿದ್ದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಇದನ್ನು ತೆಗೆಸು ಅಂದ. ಅವನ ಮಾತು ಸರಿಯೇ. ಕಾಕಾ ರೇಡಿಯೇಟರ್ ತೋರಿಸಿ ಕೇಳಿದ: “ಇದು ಯಾತರದು?” ಅದೂ ತಾಮ್ರ, ಹಿತ್ತಾಳೆಯದೇ. ತಮ್ಮ ಸುಮ್ಮನಾದ. ಉಳಿದ ಬಿಲ್ಲೆಗಳೆಲ್ಲ ತುಕ್ಕು ಹಿಡಿದು ಬದಲಾದವು, ಹಂಡೆಯದು ಅಲ್ಲೇ ಉಳಿಯಿತು. ಕಾರು ಮಾರುವಾಗ ಕೊಳ್ಳಲು ಬಂದವರಿಗೆ ಕಾಕಾ ಅದನ್ನು ಬ್ಯಾಟರಿ ಬಿಟ್ಟು ತೋರಿಸಿದ, ಮತ್ತು ಅದರ ಸಲುವಾಗಿ ಬೆಲೆಯಲ್ಲಿ ಇನ್ನೂರು ರೂಪಾಯಿ ಹೆಚ್ಚು ಕೇಳಿದ. ಅವರು ನೂರು ಕೊಟ್ಟರು.